ಅಲ್ಲ ಅಲ್ಲ, ಬಿಲಹರಿ!

ಮೊನ್ನೆ ಶನಿವಾರದ ಸಂಗೀತ ಕಚೇರಿಯ ಸಿಟ್ಟು ಇನ್ನೂ ಇಳಿದಿಲ್ಲ. ಗಾಯಕಿಯ ಮೇಲಲ್ಲ, ಪಾಪ. ಅವರು ತುಂಬಾ ಚೆನ್ನಾಗಿ ಹಾಡಿದರಂತೆ. ಕೇಳಿಸಿಕೊಂಡವರು ಹೇಳಿದರು.

ಇಲ್ಲಿ ನ್ಯೂಜೆರ್ಸಿಯಲ್ಲಿ ಡಿಸೆಂಬರ್‌ನಲ್ಲಿ ದೊಡ್ಡ ಕಲಾವಿದರು ಸಿಗುವುದು ಕಷ್ಟ, ಎಲ್ಲ ಚೆನ್ನೈನ ಸಂಗೀತ ಸೀಸನ್‌ನಲ್ಲಿ ಬಿಜಿ. ಈಸ್ಟರ್ ಹೊತ್ತಿಗೆ ಕ್ಲೀವ್‌ಲ್ಯಾಂಡ್‌ನ ತ್ಯಾಗರಾಜ ಆರಾಧನೆಯ ಸಂಗೀತೋತ್ಸವಕ್ಕೆ ಬರುತ್ತಾರಲ್ಲ, 1978ರಿಂದ ನಡೆಯುತ್ತಿರುವುದು, ಆಗ ಹಾಗೇ ನಮ್ಮ ಕಡೆಗೂ ಒಂದು ಸುತ್ತು ಹಾಕುತ್ತಾರೆ. ಹಾಗಾಗಿ ಸಿಕ್ಕಿದ್ದನ್ನು ಬಿಡುವ ಹಾಗಿಲ್ಲ. ರೇಷ್ಮೆ ಸೀರೆ ಮೇಲೆ ದಪ್ಪ ಜಾಕೆಟ್ ಏರಿಸಿ, ಟರ್ನ್‌ಪೈಕ್ ಟ್ರಾಫಿಕ್ ದಾಟಿ, ಯಾವುದೋ ಹೈಸ್ಕೂಲಿನ ಆಡಿಟೋರಿಯಂ ಸೇರಿದೆ. ಪಕ್ಕದ ಸೀಟಿನಲ್ಲಿ ಒಬ್ಬ ಅಂಕಲ್. ಅವರಾಚೆ ಆಂಟಿ, ಮಡಿಲಲ್ಲಿ ಕೋಡುಬಳೆಯ ಜಿಪ್‌ಲಾಕ್ ಕವರ್. ಒಳಗೆ ತಿಂಡಿ ತರಬಾರದು ಅಂತ ಬಾಗಿಲಲ್ಲೇ ಬರೆದಿತ್ತು.

ಗಾಯಕಿ ಕಣ್ಣು ಮುಚ್ಚಿ ಒಂದು ರಾಗದ ಆಲಾಪನೆ ಎತ್ತಿಕೊಂಡರು. ಸ ರಿ ಗ ಪ ದ ಅಂತ ಮೇಲೇರಿದ್ದೇ ತಡ, ಅಂಕಲ್ ಹೆಂಡತಿಯ ಕಿವಿಗೆ ಬಾಗಿ "ಮೋಹನ" ಅಂದರು. ಕಿವಿಗೆ ಅಂದೆನಲ್ಲ, ಹಿಂದಿನ ಎರಡು ಸಾಲಿಗೂ ಕೇಳಿಸಿತು.

"ಹೂಂ" ಅಂದರು ಆಂಟಿ.

ಗಾಯಕಿ ನಿಧಾನವಾಗಿ ಕೆಳಗಿಳಿದರು. ಮೋಹನ ರಾಗದಲ್ಲಿ ಇಲ್ಲದ ನಿಷಾದ ಸ್ವರ ಬಂತು. ಮಧ್ಯಮವೂ ಬಂತು. ಅಂಕಲ್ ಚಡಪಡಿಸಿದರು. ಫೋನ್ ಹೊರಬಂತು. ಕತ್ತಲಲ್ಲಿ ಅವರ ಮೂಗಷ್ಟೇ ನೀಲಿಯಾಗಿ ಹೊಳೆಯುತ್ತಿತ್ತು. ಏನೋ ಟೈಪ್ ಮಾಡಿದರು, ಅಳಿಸಿದರು, ಮತ್ತೆ ಮಾಡಿದರು.

"ಅಲ್ಲ ಅಲ್ಲ, ಬಿಲಹರಿ! ಹತ್ತುವಾಗ ಮೋಹನ, ಇಳಿಯುವಾಗ ಶಂಕರಾಭರಣ. ಆಗ್ಲೇ ಹೇಳಿದ್ನಲ್ಲ?"

"ಹೂಂ."

ಅರ್ಧ ಹೇಳಿದ್ದು ನಿಜ, ಇಲ್ಲ ಅನ್ನಲ್ಲ. ಆದರೆ ಇವರಿಗೆ ಪ್ರಶ್ನೆಪತ್ರಿಕೆ ಕೊಟ್ಟವರು ಯಾರು?

ಆಮೇಲೆ ಪಿಟೀಲಿನವರ ಸರದಿ. ಅದೇ ರಾಗ ತಾನೇ ನುಡಿಸಬೇಕು? ಅಂಕಲ್ ಎರಡು ನಿಮಿಷ ಗಮನವಿಟ್ಟು ಕೇಳಿ, "ಇದೂ ಬಿಲಹರಿನೇ" ಅಂದರು.

ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳಲ್ಲಿ ಇಂಥವರಿಗೇನು ಕಮ್ಮಿಯೇ? ಆದರೆ ಅಲ್ಲಿ ಸುಮ್ನೆ ಎದ್ದು ನಾಲ್ಕು ಕುರ್ಚಿ ಆಚೆ ಹೋಗಿ ಕೂತರಾಯಿತು. ಆಟೋ ಹಾರ್ನ್ ಕೂಡ ಹಾಡಿನ ಜೊತೆಗೇ ಬರುತ್ತಿತ್ತು, ಯಾರಿಗೂ ತೊಂದರೆಯಿಲ್ಲ. ಅಪ್ಪ ಅಲ್ಲೇ ಕೂತಲ್ಲಿ ತೂಕಡಿಸುತ್ತಿದ್ದರು. ತನಿ ಆವರ್ತನ, ಅಂದರೆ ಮೃದಂಗದವರ ಸರದಿ, ಮುಗಿದಾಗ ಮಾತ್ರ ಅದು ಹೇಗೋ ಸರಿಯಾಗಿ ಎಚ್ಚರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಇಲ್ಲಿ ಸೀಟಿಗೆ ನಂಬರ್. ಡಾಲರ್ ಕೊಟ್ಟು ಅಂಕಲ್ ಪಕ್ಕವನ್ನೇ ಬುಕ್ ಮಾಡಿದಂತಾಯಿತು.

ನನ್ನನ್ನು ಕಾಪಾಡಿದ್ದು ಆಂಟಿ. ಮುಖ್ಯ ಕೃತಿ ಶುರುವಾಗುವಾಗ ಕೋಡುಬಳೆ ಮುರಿಯುತ್ತಾ, "ರೀ, ಕಾರ್ ಲಾಕ್ ಮಾಡಿದ್ರಾ?" ಅಂದರು. ಅಂಕಲ್ ಮುಖ ಸಪ್ಪಗಾಯಿತು. ಸ್ವಲ್ಪ ಹೊತ್ತು ತಡೆದುಕೊಂಡರು. ಕೊನೆಗೆ ಎದ್ದು, ನನ್ನ ಕಾಲು ತುಳಿದುಕೊಂಡು ಹೊರಗೆ ಹೋದರು. ಅಬ್ಬಾ, ಅದು ಖರಹರಪ್ರಿಯ ರಾಗ. ಯಾರೂ ಹೇಳಿಕೊಡದೆ ನಾನೇ ಕಂಡುಹಿಡಿದೆ.

ತನಿ ಹೊತ್ತಿಗೆ ಕಾಫಿ ವಾಸನೆಯ ಜೊತೆ ವಾಪಸ್ ಬಂದರು. ಬಾಡಿಗೆ ಹೊತ್ತು ಮುಗಿಯಿತು ಅಂತ ಸ್ಕೂಲಿನ ವಾಚ್‌ಮನ್ ಬಾಗಿಲಲ್ಲಿ ಕೀ ಗೊಂಚಲು ಕುಲುಕುತ್ತಿದ್ದ. ಗಾಯಕಿ ಒಂದೇ ಉಸಿರಿಗೆ ಮಂಗಳ ಹಾಡಿದರು. ಅಂಕಲ್ ಜಾಕೆಟ್ ಹಾಕಿಕೊಳ್ಳುತ್ತಾ ನನ್ನ ಕಡೆ ತಿರುಗಿದರು.

"ಕಚೇರಿ ಚೆನ್ನಾಗಿತ್ತಮ್ಮಾ. ಹಿಂದಿನ ಸಾಲಿನವರ ಮಾತು ಸ್ವಲ್ಪ ಜಾಸ್ತಿ ಆಯ್ತು, ಅಲ್ವಾ?"