ಕಡಲಡಿಯ ಪೈಪನ್ನು ಹೂಳುವ ಮೊದಲೇ ನೋಡಬೇಕು

ಕೊಳಚೆ ನೀರನ್ನು ಶುದ್ಧ ಮಾಡಿ ಪೈಪಿನಲ್ಲಿ ಕಡಲಿಗೆ ಬಿಡುವ ಯೋಜನೆ ಅಂದ ಕೂಡಲೇ ನಾವು ಕಾಸರಗೋಡಿನ ಕರಾವಳಿಯವರು ಬೇಕು, ಬೇಡ ಅಂತ ಎರಡು ಪಂಗಡ ಆಗುತ್ತೇವೆ. ಕಟ್ಟುವಾಗ ನಿಂತು ನೋಡುವವರು ಯಾರು? ನನಗೆ ಅದೇ ದೊಡ್ಡ ಪ್ರಶ್ನೆ.

ರಸ್ತೆ ಕಳಪೆಯಾದರೆ ಒಂದು ಮಳೆಗೆ ಗೊತ್ತಾಗುತ್ತದೆ. ಕಡಲಡಿ ಹೂತ ಪೈಪಿನ ಜಾಯಿಂಟ್ ಸೋರಿದರೆ ಯಾರಿಗೆ ಕಾಣುತ್ತದೆ? ಕೊಳಚೆ ನೀರು ಉಪ್ಪುನೀರಿಗಿಂತ ಹಗುರ, ಮೇಲಕ್ಕೆ ಏರುತ್ತದೆ. ಅದಕ್ಕೇ ಪೈಪಿನ ತುದಿಯನ್ನು ದೂರಕ್ಕೆ, ಆಳಕ್ಕೆ ಒಯ್ದು, ಹಲವು ಸಣ್ಣ ಬಾಯಿಗಳಿಂದ ಹರಡಿ ಬಿಡುತ್ತಾರೆ. ನಡುದಾರಿಯಲ್ಲೇ ಸೋರಿದರೆ ಅದು ಬರುವುದು ನಾವು ಬೂತಾಯಿ, ಬಂಗುಡೆಗೆ ಬಲೆ ಬೀಸುವ ದಡದ ನೀರಿಗೆ.

ಅಮೆರಿಕದ ಬಾಸ್ಟನ್ ಬಂದರಿನ ಕತೆ ನೋಡಿ. ಅಲ್ಲಿ ಕೊಳಚೆಯ ಕೇಸು ಕೋರ್ಟಿಗೆ ಹೋಯಿತು. 1985ರಲ್ಲಿ ಫೆಡರಲ್ ನ್ಯಾಯಾಧೀಶ ಡೇವಿಡ್ ಮಜ್ಜೋನ್ ತೀರ್ಪು ಕೊಟ್ಟು ಸುಮ್ನೆ ಕೂರಲಿಲ್ಲ. ಕೆಲಸಕ್ಕೆ ಗಡುವು ಹಾಕಿದರು, ವರ್ಷಗಟ್ಟಲೆ ವರದಿ ತರಿಸಿಕೊಂಡರು. ಶುದ್ಧ ಮಾಡಿದ ನೀರನ್ನು ಕಡಲಿಗೆ ಒಯ್ಯುವ ಸುಮಾರು 15 ಕಿ.ಮೀ. ಉದ್ದದ ಸುರಂಗ 2000ದ ಸೆಪ್ಟೆಂಬರಿನಲ್ಲಿ ಬಳಕೆಗೆ ಬಂತು.

ಆದರೆ ಅಷ್ಟು ಕಾವಲಿದ್ದೂ 1999ರ ಜುಲೈಯಲ್ಲಿ ಇಬ್ಬರು ಡೈವರ್‌ಗಳು ಆ ಸುರಂಗದೊಳಗೆ ಸತ್ತರು. ಗಾಳಿ, ಬೆಳಕಿನ ಏರ್ಪಾಡನ್ನು ಮೊದಲೇ ತೆಗೆದಾಗಿತ್ತು. ತುದಿಯ ಪೈಪುಗಳ ಮುಚ್ಚಳ ಬಿಚ್ಚಲು ಆಮೇಲೆ ಜನರನ್ನು ಕಳಿಸಿದರು. ಉಸಿರಾಟದ ಯಂತ್ರ ಕೈಕೊಟ್ಟಿತು. ಇದನ್ನು ಓದಿದಾಗ ನನಗೆ ಸಿಟ್ಟೂ ಬಂತು, ದುಃಖವೂ ಆಯಿತು. ತಾರೀಕು ಕಾಯುವುದೊಂದೇ ಮೇಲ್ವಿಚಾರಣೆ ಅಲ್ಲ. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಕೆಲಸಗಾರರ ಜೀವಕ್ಕೆ ಏನು ಭದ್ರತೆ, ಇದನ್ನೂ ಯಾರಾದರೂ ಕೇಳಬೇಕಲ್ವಾ?

ನಮ್ಮಲ್ಲಿ ಕರಾವಳಿ ನಿಯಂತ್ರಣ ವಲಯದ ನಿಯಮದಂತೆ ಅನುಮತಿ ಪಡೆದವರು ವರ್ಷಕ್ಕೆ ಎರಡು ಸಲ ಷರತ್ತು ಪಾಲನೆಯ ವರದಿ ಕೊಡಬೇಕು. ಆ ವರದಿ ಜನರಿಗೂ ಸಿಗಬೇಕು. ಆದರೆ ಅದನ್ನು ಬರೆಯುವುದು ಯೋಜನೆಯವರೇ! ಆರು ತಿಂಗಳಲ್ಲಿ ಎಷ್ಟು ಪೈಪು ಹೂತು ಹೋಗಿರುತ್ತದೋ. ಜಾಯಿಂಟುಗಳ ಒತ್ತಡ ಪರೀಕ್ಷೆ, ಡೈವರ್ ತೆಗೆದ ವಿಡಿಯೊ, ಎರಡೂ ಮಣ್ಣು ಮುಚ್ಚುವ ಮೊದಲೇ ಸರ್ಕಾರಿ ಎಂಜಿನಿಯರ್ ಕೈಗೆ ಬರಬೇಕು. ಪರೀಕ್ಷೆಯ ದಿನ ಊರಿನ ಮೀನುಗಾರರೂ ಅಲ್ಲಿರಲಿ. ನೀರಿನ ಸೆಳೆತ ಅವರಿಗೆ ಗೊತ್ತಿರುವಷ್ಟು ಆಫೀಸಿನಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ.

ಕಾಗದಪತ್ರ ಕನ್ನಡದಲ್ಲೂ ಬೇಕು. ಕೇರಳದ 1969ರ ಆಡಳಿತ ಭಾಷಾ ಕಾನೂನಿನಲ್ಲಿ ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಂದಿಗೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು. ಮಂಜೇಶ್ವರ, ಕುಂಬಳೆಯವರು ಗ್ರಾಮಸಭೆಯಲ್ಲಿ ಇದನ್ನು ಕೇಳಿ ಬರೆಸಿಕೊಳ್ಳಬೇಕು.

ಇನ್ನೊಂದು. ಮಳೆಗಾಲದಲ್ಲಿ ನಮ್ಮ ಹೊಳೆಗಳ ಅಳಿವೆ ಸರಿಯುತ್ತದೆ, ಕಡಲ್ಕೊರೆತ ಮರಳನ್ನು ಎಳೆದೊಯ್ಯುತ್ತದೆ. ಪೈಪಿನ ಜಾಗದಲ್ಲಿ ಏಪ್ರಿಲಿನಲ್ಲಿ ಅಳೆದ ಆಳ ಸೆಪ್ಟೆಂಬರಿನಲ್ಲಿ ಹಾಗೇ ಇರುತ್ತದೆ ಅಂತ ನಂಬಲು ಆಗುವುದಿಲ್ಲ. ಪ್ರತಿ ಮಳೆಗಾಲ ಕಳೆದ ಮೇಲೆ ಮತ್ತೆ ಅಳೆಯಬೇಕು, ಆ ಅಳತೆಯನ್ನು ಪಂಚಾಯತ್ ಆಫೀಸಿನ ಗೋಡೆಗೆ ಹಚ್ಚಬೇಕು.