ಎರಡು ಪಟ್ಟು ಸರಿ, ಎಷ್ಟರ ಎರಡು ಪಟ್ಟು?

ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ನಿಲ್ಲಿಸಿಬಿಟ್ಟೆನೆಂದು ಅಕ್ಕ ಇಂದು ಬೆಳಿಗ್ಗೆ ಫೋನಿನಲ್ಲಿ ಹೇಳಿದಳು. "ಇದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಂತೆ ಕಣೋ" ಎನ್ನುವಾಗ ಅವಳ ದನಿ ನಡುಗುತ್ತಿತ್ತು. ಎಷ್ಟರ ಎರಡು ಪಟ್ಟು ಎಂದು ಕೇಳಿದೆ. ಅವಳು ಓದಿದ ಸುದ್ದಿಯಲ್ಲಿ ಅದೊಂದನ್ನು ಬಿಟ್ಟು ಉಳಿದೆಲ್ಲವೂ ಇತ್ತು. ಅಪಾಯವನ್ನು ಹೀಗೆ ಅರ್ಧ ಹೇಳಿ ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ತಡೆಯಲಾಗದ ಸಿಟ್ಟು ಬರುತ್ತದೆ.

1995ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳ ಬಗ್ಗೆ ಇದೇ ಎಚ್ಚರಿಕೆ ಕೊಟ್ಟಿತ್ತು. 7000 ಮಹಿಳೆಯರಲ್ಲಿ ಒಬ್ಬರಿಗೆ ಆಗುತ್ತಿದ್ದ ತೊಂದರೆ ಇಬ್ಬರಿಗೆ ಆಗುತ್ತದೆ ಎಂಬುದಷ್ಟೇ ಆ "ಎರಡು ಪಟ್ಟಿ"ನ ಅರ್ಥವಾಗಿತ್ತು. ಹೆದರಿದ ಹೆಂಗಸರು ಮಾತ್ರೆ ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವೆಂದು ಅಂದಾಜಿಸಲಾಯಿತು. ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತ ಗರ್ಭಧಾರಣೆಯಲ್ಲೇ ಹೆಚ್ಚು ಎಂಬುದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಜನಸಾಮಾನ್ಯರಿಗೆ ಅಂಕಿಸಂಖ್ಯೆ ಅರ್ಥವಾಗುವುದಿಲ್ಲ, ಎಷ್ಟು ಬಿಡಿಸಿ ಹೇಳಿದರೂ ವ್ಯರ್ಥ ಎಂಬ ವಾದವನ್ನು ಬಹಳ ಕೇಳಿದ್ದೇನೆ, ಒಪ್ಪುವುದಿಲ್ಲ. 1978ರಲ್ಲಿ ಹಾರ್ವರ್ಡ್‌ನಲ್ಲಿ ವೈದ್ಯರು ಮತ್ತು ವೈದ್ಯಕೀಯ ವಿದ್ಯಾರ್ಥಿಗಳಿದ್ದ 60 ಮಂದಿಯ ಗುಂಪಿಗೆ ಒಂದು ಪ್ರಶ್ನೆ ಕೇಳಲಾಗಿತ್ತು: ಸಾವಿರಕ್ಕೆ ಒಬ್ಬರಲ್ಲಿರುವ ಕಾಯಿಲೆಯ ಪರೀಕ್ಷೆಯು ಆರೋಗ್ಯವಂತರಲ್ಲಿ ಶೇ. 5ರಷ್ಟು ಮಂದಿಗೂ ಪಾಸಿಟಿವ್ ತೋರಿಸಿದರೆ, ಪಾಸಿಟಿವ್ ಬಂದವರಿಗೆ ನಿಜಕ್ಕೂ ಕಾಯಿಲೆ ಇರುವ ಸಾಧ್ಯತೆ ಎಷ್ಟು? ಸರಿಯುತ್ತರ ಕೊಟ್ಟವರು 11 ಮಂದಿ. ಇದನ್ನೇ ತಲೆ ಎಣಿಸಿ ಹೇಳಿ ನೋಡಿ: ಸಾವಿರ ಜನರಲ್ಲಿ ರೋಗಿ ಒಬ್ಬರು, ಸುಮ್ಮನೆ ಪಾಸಿಟಿವ್ ಬಂದವರು ಸುಮಾರು 50 ಮಂದಿ, ಅಂದರೆ 51ರಲ್ಲಿ ಒಬ್ಬರು. ಇದು ಯಾರಿಗೆ ತಿಳಿಯದು? ಶೇಕಡಾವಾರಿನಲ್ಲಿ ವೈದ್ಯರೇ ಎಡವಿರುವಾಗ ದಡ್ಡತನವನ್ನು ಓದುಗರ ತಲೆಗೆ ಕಟ್ಟುವುದು ಅನ್ಯಾಯ.

ಅಪ್ಪನ ಶಸ್ತ್ರಚಿಕಿತ್ಸೆಯ ದಿನಗಳು ನನಗಿನ್ನೂ ನೆನಪಿವೆ. ನೂರರಲ್ಲಿ 10 ಮಂದಿ ಉಳಿಯುವುದಿಲ್ಲ ಎಂದು ಮೊದಲ ವೈದ್ಯರು ಹೇಳಿದಾಗ ನಾನು ಬೇಡವೆಂದು ಎದ್ದು ಬಂದಿದ್ದೆ. ನೂರರಲ್ಲಿ 90 ಮಂದಿ ಚೇತರಿಸಿಕೊಳ್ಳುತ್ತಾರೆ ಎಂದು ಎರಡನೆಯವರು ಹೇಳಿದಾಗ ಸಹಿ ಹಾಕಿದೆ. ಎರಡೂ ಒಂದೇ ಲೆಕ್ಕವೆಂದು ಹೊಳೆದದ್ದು ಅಪ್ಪ ಮನೆಗೆ ಬಂದ ಮೇಲೆ. ಅಂದಿನಿಂದ ನಾನು ಎರಡೂ ಮುಖಗಳನ್ನು ಕೇಳಿಯೇ ಮುಂದುವರಿಯುತ್ತೇನೆ.

ಅಕ್ಕ ನಾಳೆ ವೈದ್ಯರನ್ನು ಕಾಣುತ್ತಾಳೆ. "ನನ್ನಂಥ ಹತ್ತು ಸಾವಿರ ಜನ ಈ ಮಾತ್ರೆ ತೆಗೆದುಕೊಂಡರೆ ಎಷ್ಟು ಮಂದಿಗೆ ತೊಂದರೆ, ತೆಗೆದುಕೊಳ್ಳದಿದ್ದರೆ ಎಷ್ಟು ಮಂದಿಗೆ?" ಎಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಾಳೆ.