ಹೊಡೆದದ್ದು ರನ್, ಕೊಡುವಾಗ ಮೈಲಿಗೆ

2013ರ ಆಗಸ್ಟ್ 5. ಅಮೆರಿಕದ ಬೇಸ್‌ಬಾಲ್ ಲೀಗಿನ ಕಮಿಷನರ್ ಬಡ್ ಸೆಲಿಗ್ ಒಂದೇ ದಿನ 13 ಆಟಗಾರರಿಗೆ ಶಿಕ್ಷೆ ಘೋಷಿಸಿದರು. 12 ಜನಕ್ಕೆ ತಲಾ 50 ಪಂದ್ಯ ನಿಷೇಧ. ಹದಿಮೂರನೆಯವನಿಗೆ ಮಾತ್ರ 211. ಅವನೇ ನ್ಯೂಯಾರ್ಕ್ ಯಾಂಕೀಸ್ ತಂಡದ ಅಲೆಕ್ಸ್ ರೋಡ್ರಿಗಸ್, ಅಭಿಮಾನಿಗಳ ಬಾಯಲ್ಲಿ ಎ-ರಾಡ್. ಉದ್ದೀಪನ ಮದ್ದು ತಗೊಂಡಿದ್ದು ಸಾಲದು ಅಂತ ತನಿಖೆಗೂ ಅಡ್ಡಗಾಲು ಹಾಕಿದ ಅನ್ನೋದು ಆರೋಪ. ಇವನ ಕಥೆ ಮುಗೀತು ಅಂತ ಷರಾ ಬರೆದವರು ಒಬ್ಬಿಬ್ಬರಲ್ಲ.

ಕಥೆ ಮುಗಿದವನು ಅದೇ ರಾತ್ರಿ ಶಿಕಾಗೋದಲ್ಲಿ ಬ್ಯಾಟ್ ಹಿಡಿದು ನಿಂತಿದ್ದ. ಮೇಲ್ಮನವಿ ಹಾಕಿದ್ದನಲ್ಲ, ತೀರ್ಪು ಬರೋವರೆಗೂ ಆಡಬಹುದು. ಜನ ಗಂಟಲು ಹರಿಯುವಂತೆ ಬೂ ಅಂದರು. ಮೈದಾನದಲ್ಲಿ ಕೂತು ಬೂ ಅನ್ನೋದಕ್ಕೂ ಟಿಕೆಟ್ ಕೊಳ್ಳಬೇಕು ಅನ್ನೋದನ್ನು ಮಾತ್ರ ಮರೀಬೇಡಿ.

ಈ ಮದ್ದು ಎಲ್ಲಿಂದ ಬಂತು ಅಂದರೆ, ಫ್ಲೋರಿಡಾದ ಕೋರಲ್ ಗೇಬಲ್ಸ್‌ನಲ್ಲಿದ್ದ ಬಯೋಜೆನಿಸಿಸ್ ಅನ್ನೋ ಕ್ಲಿನಿಕ್‌ನಿಂದ. ಅದನ್ನು ನಡೆಸುತ್ತಿದ್ದ ಆಂಟನಿ ಬಾಷ್‌ಗೆ ಡಾಕ್ಟರ್ ಅನ್ನಿಸಿಕೊಳ್ಳೋ ಆಸೆ ಜಾಸ್ತಿ ಇತ್ತು, ಲೈಸೆನ್ಸ್ ಮಾತ್ರ ಇರಲಿಲ್ಲ. ಟೆಸ್ಟೋಸ್ಟೆರೋನ್ ಬೆರೆಸಿದ, ಬಾಯಲ್ಲಿಟ್ಟು ಚೀಪೋ ಮಾತ್ರೆಗೆ ಇಟ್ಟ ಅಡ್ಡಹೆಸರು ಗಮ್ಮೀಸ್. ಮಕ್ಕಳ ಮಿಠಾಯಿ ಹೆಸರು! ಪಂದ್ಯಕ್ಕೆ ಸ್ವಲ್ಪ ಮುಂಚೆ ಬಾಯಿಗೆ ಹಾಕಿಕೊಂಡರೆ ಪಂದ್ಯ ಮುಗಿದ ಮೇಲೆ ಪರೀಕ್ಷೆಯಲ್ಲಿ ಸಿಗಲ್ಲ ಅಂತ ಬಾಷ್ ಆಮೇಲೆ ಟಿವಿಯಲ್ಲೇ ಕೂತು ಪಾಠ ಮಾಡಿದ. ಅವನು ಹೇಳಿದ್ದರಲ್ಲಿ ಹುರುಳಿತ್ತು. ಈ ಪ್ರಕರಣದಲ್ಲಿ ಎ-ರಾಡ್ ಸಿಕ್ಕಿಬಿದ್ದದ್ದು ಮೂತ್ರದ ಪರೀಕ್ಷೆಯಿಂದ ಅಲ್ಲವೇ ಅಲ್ಲ, ಕ್ಲಿನಿಕ್ಕಿನ ಕಾಗದಪತ್ರದಿಂದ. ಆ ಕಾಗದಕ್ಕೆ ಲೀಗ್ 1,25,000 ಡಾಲರ್ ಎಣಿಸಿಕೊಟ್ಟಿತು. ಅದು ಕದ್ದ ಮಾಲು ಅಂತ ಆಮೇಲೆ ವರದಿಯಾಯಿತು. ಪ್ರಾಮಾಣಿಕತೆ ಅಂದರೆ ಸುಮ್ನೆ ಬರುತ್ತಾ, ಖರ್ಚಿರುತ್ತೆ.

2014ರ ಜನವರಿಯಲ್ಲಿ ಮಧ್ಯಸ್ಥಗಾರರು 211 ಪಂದ್ಯವನ್ನು 162ಕ್ಕೆ ಇಳಿಸಿದರು. ಅಂದರೆ ಇಡೀ ಒಂದು ಸೀಸನ್. ಎರಡು ಕೋಟಿ ಡಾಲರ್‌ಗೂ ಜಾಸ್ತಿ ಸಂಬಳ ಖೋತಾ. ಪಾಪ ಅನ್ನಬೇಡಿ. 2007ರ ಕೊನೆಯಲ್ಲಿ ಯಾಂಕೀಸ್ ಈತನ ಜೊತೆ 10 ವರ್ಷಕ್ಕೆ 27 ಕೋಟಿ 50 ಲಕ್ಷ ಡಾಲರ್ ಒಪ್ಪಂದ ಮಾಡಿಕೊಂಡಿತ್ತು. ನಿಷೇಧ ಮುಗಿದ ಮೇಲೂ ಮೂರು ವರ್ಷ ಬಾಕಿ. ಆಡಿಸಿದರೂ ಕೊಡಬೇಕು, ಮನೇಲಿ ಕೂರಿಸಿದರೂ ಕೊಡಬೇಕು.

2015ರ ಫೆಬ್ರವರಿಯಲ್ಲಿ ಎ-ರಾಡ್ ಕ್ಷಮೆ ಕೇಳಿದ. ಯಾಂಕೀಸ್ ತನ್ನ ಮೈದಾನದಲ್ಲೇ ಪತ್ರಿಕಾಗೋಷ್ಠಿ ಮಾಡು ಅಂದರೂ ಬೇಡ ಅಂದು, ಕೈಬರಹದಲ್ಲಿ ಪತ್ರ ಬರೆದ. ತಪ್ಪಾಯ್ತು ಅಂತ ಇತ್ತು. ಏನು ತಪ್ಪು ಅಂತ ಇರಲಿಲ್ಲ. ಅಕ್ಷರ ಮಾತ್ರ ಮುದ್ದಾಗಿತ್ತು.

ಇನ್ನು ನಿಜವಾದ ತಮಾಷೆ. ದೊಡ್ಡ ಒಪ್ಪಂದದ ಜೊತೆಗೆ ಇನ್ನೊಂದು ಚಿಕ್ಕ ಒಪ್ಪಂದವೂ ಇತ್ತು. ಹೋಮ್ ರನ್ ಅಂದರೆ ಹೆಚ್ಚುಕಮ್ಮಿ ನಮ್ಮ ಸಿಕ್ಸರ್. ಎ-ರಾಡ್ 660ನೇ ಹೋಮ್ ರನ್ ಹೊಡೆದು ಹಳೆಯ ದಿಗ್ಗಜ ವಿಲ್ಲಿ ಮೇಸ್ ಅವರ ಲೆಕ್ಕ ಸರಿಗಟ್ಟಿದರೆ ಯಾಂಕೀಸ್ 60 ಲಕ್ಷ ಡಾಲರ್ ಕೊಡಬೇಕು, ಆ ಸಂಭ್ರಮವನ್ನು ಮಾರಿಕೊಂಡು ಲಾಭ ಮಾಡಬೇಕು ಅನ್ನೋ ಲೆಕ್ಕಾಚಾರ. 2015ರ ಮೇ 1ರಂದು ಬಾಸ್ಟನ್‌ನ ಫೆನ್‌ವೇ ಪಾರ್ಕ್‌ನಲ್ಲಿ ಸ್ಕೋರ್ 2-2. ಎಂಟನೇ ಇನ್ನಿಂಗ್ಸ್. ಬದಲಿ ಆಟಗಾರನಾಗಿ ಬಂದ ಎ-ರಾಡ್ ಚೆಂಡನ್ನು ಗೋಡೆಯಾಚೆ ಅಟ್ಟಿದ. ಅದೇ 660. ಯಾಂಕೀಸ್ 3-2ರಿಂದ ಗೆದ್ದಿತು. ಆ ಒಂದು ರನ್ ಇಲ್ಲದಿದ್ದರೆ ಆ ರಾತ್ರಿಯ ಕಥೆಯೇ ಬೇರೆ.

ಗೆದ್ದ ತಂಡ ಕೈ ತೊಳೆದುಕೊಂಡು ಹೇಳಿತು: ಈ ಹೋಮ್ ರನ್ ಮಾರಾಟಕ್ಕೆ ಬರಲ್ಲ, ಹಾಗಾಗಿ ದುಡ್ಡು ಕೊಡಲ್ಲ. ಅಡುಗೆಯವಳು ಮಾಡಿದ ಸಾರನ್ನು ಸುರ್ ಅಂತ ಕುಡಿದು, ಸಂಬಳ ಕೊಡೋ ಹೊತ್ತಿಗೆ ಮಡಿ ನೆನಪಾದ ಹಾಗೆ. ಪಂದ್ಯದ ಲೆಕ್ಕಕ್ಕೆ ಆ ರನ್ ಶುದ್ಧ. ಗೆಲುವು-ಸೋಲಿನ ಪಟ್ಟಿಗೂ ಶುದ್ಧ. ಚೆಕ್ ಬರೆಯೋವಾಗ ಮಾತ್ರ ಮೈಲಿಗೆ. ಜುಲೈನಲ್ಲಿ ರಾಜಿಯಾಯಿತು. ತಂಡ 35 ಲಕ್ಷ ಡಾಲರ್ ದಾನಧರ್ಮಕ್ಕೆ ಕೊಟ್ಟಿತು. ದಾನಕ್ಕೆ ಹೋದ ದುಡ್ಡಿಗೆ ಮೈಲಿಗೆ ಇಲ್ಲ ಅಂತ ಯಾವ ಶಾಸ್ತ್ರದಲ್ಲಿ ಬರೆದಿದೆಯೋ.

ಈ ಜಗಳ ನಡೀತಿರುವಾಗಲೇ, ಜೂನ್ 19ರಂದು, ಎ-ರಾಡ್ ತನ್ನ 3,000ನೇ ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದರೆ ಹಿಟ್) ಹೊಡೆದ. ಅದೂ ಹೋಮ್ ರನ್. ಚೆಂಡು ಹೋಗಿ ಒಬ್ಬ ಅಭಿಮಾನಿ ಕೈಗೆ ಬಿತ್ತು. ಆತ ಕೊಡಲ್ಲ ಅಂದ. ಆಗ ಅದೇ ಯಾಂಕೀಸ್, ಈತನ ಮೈಲಿಗಲ್ಲು ಮಾರಾಟಕ್ಕೆ ಬರಲ್ಲ ಅಂದಿದ್ದ ಯಾಂಕೀಸ್, ಆ ಒಂದು ಚೆಂಡಿಗಾಗಿ ಆ ಅಭಿಮಾನಿ ಹೇಳಿದ ಸೇವಾಸಂಸ್ಥೆಗೆ ಒಂದೂವರೆ ಲಕ್ಷ ಡಾಲರ್ ಕೊಡಲು ಒಪ್ಪಿತು. ಆ ವರ್ಷ ಎ-ರಾಡ್‌ಗೆ 40 ತುಂಬಿತು, ಹೋಮ್ ರನ್ 33 ಬಂತು. ಶಿಕಾಗೋದಲ್ಲಿ ಬೂ ಕೇಳಿಸಿಕೊಂಡವನಿಗೆ ನ್ಯೂಯಾರ್ಕ್ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಮರುವರ್ಷ ಆಗಸ್ಟ್‌ನಲ್ಲಿ 696 ಹೋಮ್ ರನ್‌ಗೆ ಆಟ ನಿಲ್ಲಿಸಿದ. ಸಂಬಳ ಬಾಕಿಯಿತ್ತಲ್ಲ, ಹೋಗ್ತಾ ಹೋಗ್ತಾ ಯಾಂಕೀಸ್‌ಗೇ ವಿಶೇಷ ಸಲಹೆಗಾರನಾದ. ಆಮೇಲೆ ಟಿವಿಯಲ್ಲಿ ವಿಶ್ಲೇಷಕ, ಕಾಮೆಂಟರಿ ಕೂಡ. ಮುಂದೆ ಬಾಸ್ಕೆಟ್‌ಬಾಲ್ ಕಡೆ ಕಣ್ಣು ಹಾಯಿಸಿದ. ಒಬ್ಬ ಉದ್ಯಮಿಯ ಜೊತೆ ಸೇರಿ ಮಿನೆಸೋಟ ಟಿಂಬರ್‌ವುಲ್ವ್ಸ್ ತಂಡವನ್ನು 150 ಕೋಟಿ ಡಾಲರ್‌ಗೆ ಮಾತಾಡಿದ. 2025ರಲ್ಲಿ ವ್ಯವಹಾರ ಮುಗಿದು ಮಾಲೀಕನೇ ಆದ. ನಿಷೇಧಕ್ಕೆ ಒಳಗಾದ ಆಟಗಾರನ ಭವಿಷ್ಯ ಏನು ಅಂತ ತಲೆಕೆಡಿಸಿಕೊಂಡವರು ಈಗ ತಮ್ಮ ಭವಿಷ್ಯದ ಬಗ್ಗೆ ಅವನನ್ನೇ ಕೇಳೋದು ಒಳ್ಳೇದು. ಜೈಲಿಗೆ ಹೋದದ್ದು ಬಾಷ್, ನಾಲ್ಕು ವರ್ಷದ ಶಿಕ್ಷೆ. ಮಿಠಾಯಿ ಮಾರಿದವನಿಗೆ ಬೇಡಿ, ತಿಂದವನಿಗೆ ತಂಡ.

ಒಂದು ಬಾಗಿಲು ಮಾತ್ರ ಇವನಿಗೆ ಮುಚ್ಚಿದೆ. ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಅನ್ನೋ ಪುಟ್ಟ ಊರಲ್ಲಿ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್ ಇದೆ. ಪತ್ರಕರ್ತರ ಮತದಲ್ಲಿ ನೂರಕ್ಕೆ 75 ಬಂದರೆ ಗೋಡೆ ಮೇಲೆ ಕಂಚಿನ ಫಲಕ. 2022ರಲ್ಲಿ ಮೊದಲ ಸಲ ಎ-ರಾಡ್ ಹೆಸರು ಬಂದಾಗ ಸಿಕ್ಕಿದ್ದು 34.3. ಮದ್ದಿನ ಕಾಲದವರಿಗೆ ಅಲ್ಲಿ ಪ್ರವೇಶ ಕಷ್ಟ.

ಆಟಗಾರರಿಗೆ ಮಾತ್ರ ಕಷ್ಟ ಅಂತ ತಿದ್ದಿ ಓದಿಕೊಳ್ಳಿ. 1994ರ ಆಟಗಾರರ ಮುಷ್ಕರದಿಂದ ವರ್ಲ್ಡ್ ಸೀರೀಸ್ ಅನ್ನೋ ಫೈನಲ್ಲೇ ರದ್ದಾಗಿ ಜನ ಮುನಿಸಿಕೊಂಡಿದ್ದರು. 1998ರಲ್ಲಿ ಮಾರ್ಕ್ ಮೆಗ್ವಾಯರ್ 70 ಹೋಮ್ ರನ್ ಹೊಡೆದಾಗ ಎಲ್ಲರೂ ಮೈದಾನಕ್ಕೆ ವಾಪಸ್ ಬಂದರು. ಆಗ ಸ್ಟೆರಾಯ್ಡ್ ಹಿಡಿಯೋ ಪರೀಕ್ಷೆಯೇ ಇರಲಿಲ್ಲ, ಶಿಕ್ಷೆಯ ಜೊತೆ ಪರೀಕ್ಷೆ ಬಂದದ್ದು 2004ರಲ್ಲಿ. ಅಷ್ಟೂ ವರ್ಷ ಗಲ್ಲಾಪೆಟ್ಟಿಗೆ ಪಕ್ಕ ಕೂತಿದ್ದವರು ಅದೇ ಕಮಿಷನರ್ ಬಡ್ ಸೆಲಿಗ್. 2017ರಲ್ಲಿ ಅವರ ಫಲಕ ಕೂಪರ್ಸ್‌ಟೌನ್ ಗೋಡೆಗೆ ಏರಿತು.

762 ಹೋಮ್ ರನ್ ಹೊಡೆದು ಇವತ್ತಿಗೂ ದಾಖಲೆ ಇಟ್ಟುಕೊಂಡಿರುವ ಬ್ಯಾರಿ ಬಾಂಡ್ಸ್‌ಗೂ ಫಲಕ ಇಲ್ಲ. ಹತ್ತು ವರ್ಷ ಮತಪಟ್ಟಿಯಲ್ಲಿದ್ದು, 2022ರಲ್ಲಿ ಹೊರಬಿದ್ದರು. ಆದರೆ ಅವರು ದಾಖಲೆ ಮುರಿದ 756ನೇ ಚೆಂಡು ಹಾಲ್ ಆಫ್ ಫೇಮ್ ಮ್ಯೂಸಿಯಂನಲ್ಲಿದೆ. ಅದನ್ನು ಕೊಂಡಿದ್ದ ವ್ಯಾಪಾರಿ ಜನರ ಮತ ಕೇಳಿ, ಅದರ ಮೇಲೆ ಅನುಮಾನದ ನಕ್ಷತ್ರ ಚಿಹ್ನೆ ಒತ್ತಿಸಿಯೇ ಕಳಿಸಿದ್ದ. ಚೆಂಡಿಗೆ ಒಳಗೆ ಜಾಗ ಸಿಕ್ಕಿದೆ. ಹೊಡೆದವರು ನೋಡಬೇಕು ಅಂದರೆ ಕೌಂಟರ್‌ನಲ್ಲಿ ಟಿಕೆಟ್ ಸಿಗುತ್ತೆ.